ಚುರ್ ಅನ್ನುವ ಮನೆ
ಜೇವರ್ಗಿಯ ವಿಶ್ವಾರಾಧ್ಯರ ಹಳೆಯ ಮನೆಯಲ್ಲಿ ಯಾವ ಸ್ವಿಚ್ ಮುಟ್ಟಿದರೂ ಕರೆಂಟು ಹೊಡೆಯುತ್ತಿತ್ತು. "ಜರಾ ಚುರ್ ಅಂದ್ರ ಮೈಯಾಗ ರಕ್ತ ಓಡ್ತದರಿ," ಎನ್ನುತ್ತ ಅವರು ಸುಟ್ಟ ವೈರಿಗೆ ಟೇಪು ಸುತ್ತುತ್ತಿದ್ದರು. ಹೊಸ ವೈರಿಂಗ್ ಮಾಡಿಸಿರೆಂದರೆ, "ಮುಂದಿನ ತೊಗರಿ ರಾಶಿ ಆಗಲಿ," ಎನ್ನುವರು. ಹಾಗೆ ಹದಿನಾಲ್ಕು ವರ್ಷಗಳ ರಾಶಿ ಮುಗಿದಿದ್ದವು. ಹೆಂಡತಿ ಗುರುಶಾಂತಮ್ಮ ಫ್ರಿಜ್ ತೆಗೆಯುವ ಮೊದಲು ಕೈಮುಗಿಯುತ್ತಿದ್ದರು. ಅದನ್ನು ವಿಶ್ವಾರಾಧ್ಯರು ಭಕ್ತಿ ಎಂದುಕೊಂಡಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಖೋಲಿಯ ಬಾಡಿಗೆದಾರಳು, ಬಸುರಿ ಜಸ್ಮೀನ, ಬೆವರುತ್ತ ಬೀಸಣಿಗೆ ಬೀಸಿಕೊಳ್ಳುವುದು ವಿಶ್ವಾರಾಧ್ಯರಿಗೆ ಕಂಡಿತು. "ಫ್ಯಾನ್ ಯಾಕ ಹಚ್ಚಿಲ್ಲ ಬೇ?" ಎಂದು ಕೇಳಿದರು. "ಸ್ವಿಚ್ ಮುಟ್ಟಾಕ ಅಂಜಿಕಿ ಆಗ್ತದ್ರಿ, ಹೊಟ್ಟ್ಯಾಗ ಕೂಸದ," ಎಂದಳು. ವಿಶ್ವಾರಾಧ್ಯರು ಅಂದೇ ಎಲೆಕ್ಟ್ರಿಷಿಯನ್ ಮುಕ್ರಮನನ್ನು ಕರೆತಂದು, ಪೂರ್ತಿ ಹಣ ಮುಂಗಡವಾಗಿಯೇ ಕೊಟ್ಟರು: "ಎಲ್ಲಾ ಕಿತ್ತು ಹೊಸಾದು ಹಾಕಪ್ಪಾ. ಮೊದಲ ಆಕಿ ಖೋಲಿಗೆ." ಮರುದಿನ ಅಲ್ಲಿ ಫ್ಯಾನ್ ತಿರುಗಿತು, ಜಸ್ಮೀನ ನಿದ್ದೆಹೋದಳು. ಅವಳ ಬಾಗಿಲಾಚೆ ಬಿಸಿಲಲ್ಲೇ ಕೂತ ವಿಶ್ವಾರಾಧ್ಯರು ಬಂದವರಿಗೆಲ್ಲ, "ಮೆಲ್ಲಕ ಮಾತಾಡ್ರಿ," ಎನ್ನುತ್ತಿದ್ದರು.