ಕಾಕನ ಸ್ವರವಿದ್ದ ಡಿಸ್ಕು

ಪುತ್ತೂರಿನ ದರ್ಬೆಯ ಆ ಮಹಡಿಯ ಕೋಣೆಯಲ್ಲಿ ಬೆಳಿಗ್ಗೆ ನಾನು ಮಾಡುತ್ತಿದ್ದ ಮೊದಲ ಮಿಮಿಕ್ರಿ ಕಂಪ್ಯೂಟರಿನದ್ದು. ಗುಂಡಿ ಒತ್ತಿದರೆ ಅದು ಒಮ್ಮೆ ಗುರ್ರೆಂದು, ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ ಉದುರಿಸಿ, ಅಲ್ಲಿಗೇ ನಿಂತುಬಿಡುತ್ತಿತ್ತು. ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತುವ ಮುದುಕನಂತೆ ನಾನೂ ಅದರ ಜೊತೆ ನರಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅಕ್ಕನಿಗೆ ಅದು ದಿನದ ಮೊದಲ ನಗೆ.

"ನಿನ್ನ ಪೆಟ್ಟಿಗೆ ಏಳುವಾಗ ನನ್ನದೊಂದು ರವಿಕೆಗೆ ತೋಳು ಕೂಡಿಸಿ ಆಯ್ತು ಮಾರಾಯ!"

"ರವಿಕೆ ಬಿಗಿ ಆಯ್ತು ಅಂತ ಗಿರಾಕಿ ವಾಪಸ್ ತರುವಾಗ ಇದು ಎದ್ದಿರ್ತದೆ ಅಕ್ಕ."

ಮೂಲೆಯ ಕುರ್ಚಿಯಲ್ಲಿ ಕಾಕನೂ ನಗುತ್ತಿದ್ದರು. ಆದರೆ ಅವರ ನಗೆಗೆ ಸದ್ದು ಇರಲಿಲ್ಲ. ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆ ಮಾತ್ರ ಸ್ವಲ್ಪ ಹಾರುತ್ತಿತ್ತು.

ಕೋಣೆ ಕಾಕನದ್ದು; ನನಗೆ ನೆಂಟರಲ್ಲ, ಊರಿಗೆಲ್ಲ ಕಾಕ. ವಾಲಿಬಾಲ್ ಪಂದ್ಯ, ಉರೂಸ್, ಯಕ್ಷಗಾನ, ಬಟ್ಟೆಯಂಗಡಿಯ ರಿಯಾಯಿತಿ, ಏನೇ ಇರಲಿ, ಜೀಪಿಗೆ ಮೈಕು ಕಟ್ಟಿ ಊರೂರು ಹೇಳಿಕೊಂಡು ಹೋಗಬೇಕಾದ ಮಾತನ್ನು ಅಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದೆವು. ಪುತ್ತೂರಿನಿಂದ ಸುಳ್ಯದವರೆಗೆ, ಅತ್ತ ಕಡಬದವರೆಗೆ, ರಸ್ತೆ ಬದಿಯ ಮಕ್ಕಳಿಗೂ ಗೊತ್ತಿದ್ದ ಸ್ವರ ಕಾಕನದ್ದು. ಬೆಳ್ಳಾರೆಯ ನಮ್ಮ ಮನೆಯ ಮುಂದೆ ಜೀಪು ಹೋದಾಗಲೆಲ್ಲ ಅದರ ಹಿಂದೆ ಓಡಿ ನಾನು ಮೊದಲು ಕಲಿತ ಮಿಮಿಕ್ರಿಯೇ ಅದು. ದೊಡ್ಡವನಾದ ಮೇಲೆ ಅವರ ಕೋಣೆಯಲ್ಲೇ ಸಹಾಯಕ್ಕೆ ಸೇರಿಕೊಂಡೆ. ಆಮೇಲೆ ಕಾಕನಿಗೆ ಗಂಟಲಿನ ಕಾಯಿಲೆ ಬಂತು. ಮಂಗಳೂರಿನಲ್ಲಿ ಆಪರೇಶನ್ ಮಾಡಿ ಸ್ವರದ ಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಕಾಕನ ಬದಲಿಗೆ ಕಾಕನಾಗಿ ಮಾತಾಡುವ ಕೆಲಸ ನನ್ನದು. ಊರಿನವರನ್ನೆಲ್ಲ ಅಣಕಿಸಿ ಅಣಕಿಸಿ ನನ್ನ ಸ್ವಂತ ಸ್ವರ ಯಾವುದೆಂದು ನನ್ನ ಅಮ್ಮನಿಗೇ ಸಂಶಯವಿದ್ದ ಕಾಲದಲ್ಲಿ, ಇನ್ನೊಬ್ಬರ ಸ್ವರಕ್ಕೆ ಸಂಬಳ ಸಿಕ್ಕಿತಲ್ಲ ಎಂದು ಹಿಗ್ಗಿದವನು ನಾನು.

ನಾನು ಮೈಕಿನ ಮುಂದೆ ನಿಂತರೆ ಕಾಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ತಪ್ಪಿದರೆ ಬೆರಳಿನಿಂದ ಮೇಜಿಗೆ ಟಕ್ಕೆಂದು ಒಂದು ಬಡಿತ. ಎಲ್ಲಿ ತಪ್ಪಿತು ಎಂದು ಕೇಳಿದರೆ, ಕಂಪ್ಯೂಟರಿಗೆ ಸಿಕ್ಕಿಸಿದ್ದ ಹಳೆಯ ಡಿಸ್ಕಿನಿಂದ ತಮ್ಮದೇ ಒಂದು ರೆಕಾರ್ಡಿಂಗ್ ತೆಗೆದು ಕೇಳಿಸುತ್ತಿದ್ದರು. ಅವರ ಸ್ವರ ಉಳಿದಿದ್ದದ್ದು ಅದೊಂದರಲ್ಲಿ ಮಾತ್ರ. ಜೀಪಿನವರಿಗೆ ಕೊಟ್ಟ ಪೆನ್‌ಡ್ರೈವುಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಸುವುದೇ ನಮ್ಮಲ್ಲಿ ಕ್ರಮ. ಆ ಪೆನ್‌ಡ್ರೈವುಗಳು ಊರೂರಿನ ವೈರಸ್ಸು ಹೊತ್ತು ತರುತ್ತಿದ್ದವೆಂದೇ ಕಾಕ ಕಂಪ್ಯೂಟರಿನಿಂದ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದ್ದು. ವೈರಸ್ಸು ಬರಲಿಲ್ಲ. ಬಂದದ್ದು ಬೇರೆ.

ಏಳುವುದು ಮಾತ್ರವಲ್ಲ, ಮಲಗುವುದೂ ತಡವಾಗತೊಡಗಿತು. ಸಂಜೆ ನಾನು ಆಫ್ ಒತ್ತಿದರೆ ಪರದೆ ಕಪ್ಪಾಗಿ, ಒಂದು ಸಾಲಿನ ಮುಂದೆ ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಇಂಥದ್ದು ಇನ್ನೂ ಮುಗಿದಿಲ್ಲ, ಕಾಯಿರಿ ಎಂದು ಅದರರ್ಥ. ಒಂದೂವರೆ ನಿಮಿಷ ಕಾದರೂ ಮುಗಿಯುತ್ತಿರಲಿಲ್ಲ. ಕಾಕ ಕೈಬೀಸಿ, ಬಸ್ಸು ಹೋಗುತ್ತದೆ, ನೀನು ನಡೆ ಎಂದು ಸನ್ನೆ ಮಾಡುತ್ತಿದ್ದರು. ನಾನು ನಡೆಯುತ್ತಿದ್ದೆ.

ಕೆಲಸ ಕಡಿಮೆಯಿದ್ದ ಒಂದು ದಿನ ಇದರ ಮೂಲ ಹುಡುಕಲು ಕೂತೆ. ಯಾರಿಂದ ಎಷ್ಟು ತಡವಾಯಿತು ಎಂದು ಲಿನಕ್ಸಿನ ಹತ್ತಿರ ಕೇಳುವುದಕ್ಕೆ ಒಂದು ಆಜ್ಞೆ ಇದೆ. ಅದರ ಹೆಸರಿನಲ್ಲೇ 'ಬ್ಲೇಮ್' ಇದೆ. ಟೈಪ್ ಮಾಡಿದ್ದೇ ತಡ, ನೆರೆಮನೆಯ ಅತ್ತೆಯಂತೆ ಎಲ್ಲರ ಮೇಲೂ ದೂರು ಹೇಳಿತು. ನೆಟ್‌ವರ್ಕ್ ಇಷ್ಟು, ಪ್ರಿಂಟರ್ ಇಷ್ಟು. ಎಲ್ಲಕ್ಕಿಂತ ಮೇಲೆ, ಉಳಿದವರನ್ನೆಲ್ಲ ಕೂಡಿಸಿದರೂ ಮುಟ್ಟದಷ್ಟು ಎತ್ತರದಲ್ಲಿ, ಕಾಕನ ಡಿಸ್ಕು. ದಿನವೂ ಬೆಳಿಗ್ಗೆ ಕಂಪ್ಯೂಟರ್ ಅದನ್ನು ತಡವಿ ತಡವಿ, ನಿನಗೆ ಎಲ್ಲಿ ನೋವು ಎಂದು ಪರೀಕ್ಷಿಸುತ್ತಿತ್ತು. ಕಂಪ್ಯೂಟರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆರೆದು ನೋಡಿದೆ. ಓದಲಾಗಲಿಲ್ಲ, ಓದಲಾಗಲಿಲ್ಲ ಎಂಬ ಕೆಂಪು ಸಾಲುಗಳು. ಹಿಂದಿನ ಸಂಜೆಗಳ ಲಾಗುಗಳಲ್ಲಿ ಒಂದಕ್ಕೂ ಕೊನೆ ಇರಲಿಲ್ಲ. ಎಲ್ಲವೂ ಕೆಲಸದ ನಡುವೆಯೇ ನಿಂತಿದ್ದವು.

"ಕರೆಂಟು ಕಾಕ," ಎಂದೆ. "ಡಿಸ್ಕಿನ ಕೆಲಸ ಮುಗಿಯುವ ಮೊದಲು ದಿನಾ ಕರೆಂಟು ಹೋಗಿದೆ. ಹಾಗಾಗಿಯೇ ಅದು ಹಾಳಾದದ್ದು." ಅಷ್ಟಕ್ಕೆ ನಿಲ್ಲಿಸದೆ, ಮೂಗಿನಲ್ಲಿ ಮಾತಾಡುವ ಲೈನ್‌ಮ್ಯಾನಿನ ಮಿಮಿಕ್ರಿಯನ್ನೂ ಮಾಡಿದೆ. "ಮೇಲಿಂದಲೇ ಇಲ್ಲ ಮಾರಾಯ್ರೆ, ನಾವೆಂತ ಮಾಡುದು?"

ಬಾಗಿಲಿನಲ್ಲಿ ಅಕ್ಕ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಹೇಳಿದರು. "ಕರೆಂಟು ಎಲ್ಲಿ ಹೋಗಿದೆ ಮಾರಾಯ? ಆ ಹೊತ್ತಿಗೆ ನನ್ನ ಕರೆಂಟಿನ ಮೆಶಿನ್ ಓಡ್ತಾ ಇರ್ತದಲ್ಲ. ನೀನು ಮೆಟ್ಟಿಲು ಇಳಿದದ್ದೇ, ಕಾಕ ಈ ಕೋಣೆಯ ಮೈನ್ ಸ್ವಿಚ್ ಕಟ್ ಮಾಡಿ ಹೋಗುದು. ದಿನಾ ಕೇಳ್ತದೆ ನನಗೆ."

ನನ್ನ ಬಾಯಲ್ಲಿ ಲೈನ್‌ಮ್ಯಾನ್ ಸತ್ತ. ಅಕ್ಕನಿಗೂ ಏನೋ ಹೊಳೆದು, ನೂಲು ಸುತ್ತಲಿಕ್ಕುಂಟು ಎನ್ನುತ್ತ ತಮ್ಮ ಕೋಣೆಗೆ ಹೋದರು.

ಕಾಕ ಗೋಡೆಯ ಸ್ವಿಚ್ಚನ್ನೇ ನೋಡುತ್ತಿದ್ದರು. ಅವರು ಬದುಕಿಡೀ ಬಾಳಿದ್ದು ಆಂಪ್ಲಿಫಯರುಗಳ ಜೊತೆ. ಜೀಪಿನ ಕಾಲದಲ್ಲಿ ಮಾತು ಮುಗಿದ ಕೂಡಲೇ ಬ್ಯಾಟರಿಯ ಕ್ಲಿಪ್ಪು ಕಿತ್ತು ಹೊರಡುವುದು. ಕೋಣೆಗೆ ಬಂದ ಮೇಲೂ ಅಷ್ಟೇ. ಗುಡುಗಿನ ಮೊದಲ ಸದ್ದಿಗೆ ಒಮ್ಮೆ, ಸಂಜೆ ಬಾಗಿಲು ಹಾಕುವಾಗ ಒಮ್ಮೆ, ಮೈನ್ ಸ್ವಿಚ್ಚಿಗೆ ಕೈ. ಆಂಪ್ಲಿಫಯರ್ ಬೇಸರ ಮಾಡುವುದಿಲ್ಲ. ಡಿಸ್ಕು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಆಗುವ ಹೊತ್ತು, ಮಸೀದಿಗೆ ಹೋಗಬೇಕು, ಕಂಪ್ಯೂಟರ್ ನೋಡಿದರೆ ಮಲಗುವುದಿಲ್ಲ. ಕಟ್ ಮಾಡಿದಷ್ಟೂ ಡಿಸ್ಕು ಕೆಡುತ್ತಿತ್ತು, ಕೆಟ್ಟಷ್ಟೂ ತಡವಾಗುತ್ತಿತ್ತು, ತಡವಾದಷ್ಟೂ ಅವರು ಕಟ್ ಮಾಡುತ್ತಿದ್ದರು.

"ವಯಸ್ಸಾಗಿತ್ತು ಕಾಕ, ಡಿಸ್ಕಿಗೆ," ಎಂದೆ. ಎಷ್ಟೋ ಸ್ವರಗಳಲ್ಲಿ ಸುಳ್ಳು ಹೇಳಿದ್ದೇನೆ. ನನ್ನ ಸ್ವರದಲ್ಲಿ ಹೇಳಿದ್ದು ನಂಬುವ ಹಾಗಿರಲಿಲ್ಲ. ಕಾಕ ನನ್ನ ಕಡೆ ತಿರುಗಲಿಲ್ಲ.

ಏಳುವಾಗ ಡಿಸ್ಕಿಗೆ ಕಾಯಬೇಡ ಎಂದು ಕಂಪ್ಯೂಟರಿಗೆ ಹೇಳಲು ಒಂದು ಸಾಲಿನ ಮುಂದೆ ಒಂದು ಚಿಹ್ನೆ ಇಟ್ಟರೆ ಸಾಕು. ಇಟ್ಟೆ. ಮರುದಿನ ಗುಂಡಿ ಒತ್ತಿ ಚೀಲ ಕೆಳಗಿಡುವುದರೊಳಗೆ ಪರದೆ ಬೆಳಗಿತು. ನರಳಲು ಬಾಯಿ ತೆರೆದವನು ಹಾಗೆಯೇ ನಿಂತೆ. ಅಕ್ಕ ಬಾಗಿಲಿಗೆ ಬರಲಿಲ್ಲ. ಕಾಕ ಮೌಸು ಹಿಡಿದು, ತಮ್ಮ ರೆಕಾರ್ಡಿಂಗುಗಳಿದ್ದ ಜಾಗವನ್ನು ತೆರೆದರು. ಡಿಸ್ಕನ್ನು ಬಿಟ್ಟೇ ಎದ್ದಿದ್ದ ಕಂಪ್ಯೂಟರಿನಲ್ಲಿ ಅಲ್ಲಿ ಏನೂ ಇರಲಿಲ್ಲ.

ಡಿಸ್ಕಿನಲ್ಲಿ ಉಳಿದದ್ದನ್ನು ಹೆಕ್ಕುವ ಒಂದು ಪ್ರೋಗ್ರಾಮ್ ಹಾಕಿ ದಿನಗಟ್ಟಲೆ ಓಡಿಸಿದೆ. ಡಿಸ್ಕು ಒಳಗಿನಿಂದ ಟಿಕ್ ಟಿಕ್ ಎನ್ನುತ್ತಿತ್ತು. ಕಾಕ ಅದರ ಪಕ್ಕದಲ್ಲೇ ಕುರ್ಚಿ ಹಾಕಿ, ಗುಡುಗು ಬಂದರೂ ಸ್ವಿಚ್ಚಿನ ಹತ್ತಿರ ಹೋಗದೆ ಕೂತರು. ಒಂದು ಮಧ್ಯಾಹ್ನ ಟಿಕ್ ಟಿಕ್ ಕೂಡ ನಿಂತಿತು. ಬಂದ ಫೈಲುಗಳಲ್ಲಿ ಬಾಯಿ ಬಿಟ್ಟದ್ದು ಒಂದೇ ಒಂದು. ಅದು ಅನೌನ್ಸ್‌ಮೆಂಟೂ ಅಲ್ಲ. ಮೈಕು ಆನ್ ಇದ್ದದ್ದು ಗೊತ್ತಿಲ್ಲದೆ ಕಾಕ ನನಗೆ ಬೈದದ್ದು. "ಏ, ಬಾಗಿಲು ಹಾಕು ಮಾರಾಯ, ಬಸ್ಸಿನ ಹಾರ್ನೆಲ್ಲ ಒಳಗೆ ಬರ್ತದೆ. ನಿನಗೆ ಎಷ್ಟು ಸಲ ಹೇಳುದು..." ಅಷ್ಟೇ. ಕಾಕ ಎರಡನೇ ಸಲ ಹಾಕಿಸಲಿಲ್ಲ.

ಅದೇ ವಾರ ಕಡಬದಿಂದ ವಾಲಿಬಾಲ್ ಪಂದ್ಯದ ಒಬ್ಬರು ಬಂದರು. ಬಾಗಿಲಿನಿಂದಲೇ, "ಕಾಕನ ಸ್ವರದಲ್ಲೇ ಆಗ್ಬೇಕು ಮಾರಾಯ್ರೆ, ಬೇರೆ ಹಾಕಿದ್ರೆ ಜನ ಬರುದಿಲ್ಲ," ಎಂದರು. ನಾನು ಮೈಕಿನ ಮುಂದೆ ನಿಂತೆ. ಕಾಕ ಕಣ್ಣು ಮುಚ್ಚಿದರು. 'ಬಂಧುಗಳೇ' ಎನ್ನುವಲ್ಲಿ ಕಾಕ ಸ್ವರವನ್ನು ಕೆಳಗಿಳಿಸುತ್ತಿದ್ದರು. ನಾನು ಬೇಕೆಂದೇ ಮೇಲಕ್ಕೆ ಎತ್ತಿದೆ. ಮೇಜಿನ ಮೇಲೆ ಅವರ ಬೆರಳು ಇತ್ತು. ಕಾದೆ. ಟಕ್ಕೆನ್ನಲಿಲ್ಲ. ಮುಂದಿನ ಸಾಲಿನಲ್ಲಿ ಇನ್ನೂ ದೊಡ್ಡದಾಗಿ ತಪ್ಪಿದೆ. ಬೆರಳು ಅಲುಗಲಿಲ್ಲ.

"ಅದೇ! ಕಾಕನೇ!" ಎಂದು ಕಡಬದವರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಇಳಿದರು.

ಸಂಜೆ ಆಫ್ ಒತ್ತಿದೆ. ಕೆಂಪು ಚುಕ್ಕಿಗಳಿಲ್ಲ, ಕಾಯುವ ಸಾಲುಗಳಿಲ್ಲ. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಲಗಿತು. ಕಾಕ ಮಾತ್ರ ಕಪ್ಪು ಪರದೆಯ ಮುಂದೆ ಇನ್ನೂ ಕೂತಿದ್ದರು. ಮಸೀದಿಯಿಂದ ಬಾಂಗು ಕೇಳಿತು.

"ಆಫ್ ಆಯ್ತು ಕಾಕ," ಎಂದೆ.

ಅವರು ಎದ್ದು, ಮೈನ್ ಸ್ವಿಚ್ಚಿನವರೆಗೆ ಹೋಗಿ, ಕೈ ಎತ್ತಿ, ಕೈ ಇಳಿಸಿದರು. ನನ್ನ ಕಡೆ ತಿರುಗಿ, ನೀನೇ ಮಾಡು ಎಂದು ಸನ್ನೆ ಮಾಡಿದರು. ನಾನು ಮಾಡಿದೆ. ಕಟ್ ಎಂದ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಕ್ಕನ ಮೆಶಿನ್ ಒಂದು ಗಳಿಗೆ ನಿಂತು, ಮತ್ತೆ ಓಡತೊಡಗಿತು.