ಬುಟ್ಟಿಗೆ ವಾಪಸ್ ಹೋದ ಚೀಟಿ

ಆಗೆಲ್ಲ ನಮ್ಮ ಕಾರ್ಖಾನೆಗಳ ಬಡಾವಣೆ ಜೀಡಿಮೆಟ್ಲಾದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದನ್ನು ನಾವು ಮೂಗಿನಿಂದಲೇ ಹೇಳಿಬಿಡುತ್ತಿದ್ದೆವು. ಕೊಳೆತ ಬಾಳೆಹಣ್ಣಿನ ವಾಸನೆ ಬಂದರೆ ಅದು ಅಪ್ಪ ಕೆಲಸ ಮಾಡುವ ಔಷಧಿ ಕಾರ್ಖಾನೆ; ಸುಟ್ಟ ರಬ್ಬರಿನದಾದರೆ ಅದರ ಹಿಂದಿನದು. ಮೋರಿಯ ನೀರು ಒಂದು ದಿನ ಹಳದಿ, ಇನ್ನೊಂದು ದಿನ ಕೆಂಪು. ಶಾಲೆಗೆ ಹೋಗುವಾಗ ನಾನೂ ನನ್ನ ಗೆಳತಿ ಸುಗುಣಾಳೂ ಇವತ್ತು ಯಾವ ಬಣ್ಣ ಅಂತ ಪಂಥ ಕಟ್ಟುತ್ತಿದ್ದೆವು. ಸೋತವಳು ಗೆದ್ದವಳ ಚೀಲ ಹೊರಬೇಕು. ಕುಂಟಾಬಿಲ್ಲೆ ಆಡಲು ನಮಗೆ ಹಂಚಿನ ಚೂರು ಬೇಕಿರಲಿಲ್ಲ, ಔಷಧಿ ಡ್ರಮ್ಮಿನ ನೀಲಿ ಮುಚ್ಚಳಗಳು ಬೇಕಾದಷ್ಟು ಸಿಗುತ್ತಿದ್ದವು. ಅವನ್ನು ಮುಟ್ಟಿದ ಕೈ ಬಾಯಿಗೆ ಹೋದರೆ ನಾಲಿಗೆಯೆಲ್ಲ ಕಹಿ. ನಿಮ್ಮ ಬಾಲ್ಯಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಇದ್ದೀತು. ನನ್ನದಕ್ಕೆ ಇದೇ ವಾಸನೆ, ಮತ್ತು ಅದನ್ನು ನಾನು ಈಗಲೂ ಪ್ರೀತಿಸುತ್ತೇನೆ ಅಂದರೆ ನಗಬೇಡಿ.

ನಾವು ರಾಯಚೂರು ಕಡೆಯ ಕ್ರೈಸ್ತರು. ಸುಗುಣಾಳ ಮನೆಯವರೂ ಅಲ್ಲಿಯವರೇ. ಒಂದೇ ಚಾಳಿನಲ್ಲಿ ಎರಡು ಬಾಗಿಲು ಆಚೆ ಈಚೆ. ಅವಳಪ್ಪ ದೇವದಾನಪ್ಪ ಕಾಕಾ ನನ್ನಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದರು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ. ಭಾನುವಾರ ತಗಡಿನ ಮಾಡಿನ ಒಂದು ಬಾಡಿಗೆ ಹಾಲ್‌ನಲ್ಲಿ ಮಾತ್ರ ಕನ್ನಡದ ಆರಾಧನೆ.

ನನ್ನ ಅವ್ವನಷ್ಟು ದೇವರ ಮೇಲೆ ಭಾರ ಹಾಕಿ ಬದುಕಿದವರನ್ನು ನಾನು ಆ ಹಾಲ್‌ನಲ್ಲಿ ಬೇರೆ ಯಾರನ್ನೂ ಕಾಣಲಿಲ್ಲ. ಮಳೆ ಬಂದು ಮನೆ ಸೋರಿದರೆ ಬೋಗುಣಿ ಇಟ್ಟು "ಸ್ತೋತ್ರ". ಅಪ್ಪನ ಪಗಾರ ತಡವಾದರೆ "ಕರ್ತ ನೋಡ್ಕೋತಾನ". ಹಾಲು ಉಕ್ಕಿ ಒಲೆ ಆರಿದರೂ "ಸ್ತೋತ್ರಪ್ಪಾ, ಪಾತ್ರ್ಯಾಗ ಇಷ್ಟರ ಉಳಿಸಿದಿ!" ಅನ್ನುತ್ತಿದ್ದಳು. ಅಪ್ಪ ಅದಕ್ಕೆ ಚೇಷ್ಟೆ ಮಾಡುತ್ತಿದ್ದ. "ನಾಳೆ ನಾ ಉಕ್ಕಿ ಹೋದ್ರೂ ನಿಮ್ಮವ್ವ ಸ್ತೋತ್ರ ಅಂತಾಳ ನೋಡವ್ವಾ ಕರುಣಿ."

ಆ ಚೇಷ್ಟೆಯ ಮಾತು ಅವ್ವನಿಗೆ ಆಮೇಲಾಮೇಲೆ ಸೇರದಾಯಿತು. ಕಾರಣ, ಒಂದು ಡಿಸೆಂಬರಿನಲ್ಲಿ ಅಪ್ಪನ ಕಾರ್ಖಾನೆಯ ಹಿಂದಿದ್ದ ಕಾರ್ಖಾನೆಯಲ್ಲಿ ಡ್ರಮ್ಮು ಸಿಡಿದು ಒಡಿಶಾದ ಕೆಲಸಗಾರನೊಬ್ಬ ಸತ್ತಿದ್ದ. ಅದೇ ತಿಂಗಳು ಅಪ್ಪನನ್ನೂ ದೇವದಾನಪ್ಪ ಕಾಕಾನನ್ನೂ ಲೋಡಿಂಗಿನಿಂದ ತೆಗೆದು ಮೂರನೇ ಷೆಡ್ಡಿನ ರಿಯಾಕ್ಟರಿಗೆ ಹಾಕಿದರು. ರಿಯಾಕ್ಟರ್ ಅಂದರೆ ಔಷಧಿ ಕುದಿಯುವ ದೊಡ್ಡ ಕಬ್ಬಿಣದ ಹಂಡೆ. ಪಗಾರ ಹೆಚ್ಚು, ಅಪಾಯವೂ ಹೆಚ್ಚು. ಅಪ್ಪ ಹಿಗ್ಗಿ ಪೇಢೆ ತಂದ. ಅವ್ವ ಸ್ತೋತ್ರ ಅಂದಳು, ಪೇಢೆ ಮಾತ್ರ ತಿನ್ನಲಿಲ್ಲ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಮುಂಜಾನೆ ವಾಗ್ದಾನದ ಚೀಟಿ ಎತ್ತುವ ರೂಢಿ ಇತ್ತು. ಪಾಸ್ಟರಮ್ಮ ಗುಲಾಬಿ ಕಾಗದದಲ್ಲಿ ದೇವರ ಒಂದೊಂದು ಮಾತನ್ನು ಬರೆದು, ಬೀಡಿಯಷ್ಟು ಸಣ್ಣಗೆ ಸುತ್ತಿ, ರೊಟ್ಟಿ ಬುಟ್ಟಿಯಲ್ಲಿ ಹಾಕಿ ತರುತ್ತಿದ್ದರು. ಒಂದು ಮನೆಗೆ ಒಂದೇ ಚೀಟಿ, ಮನೆಯಲ್ಲಿ ಓದಲು ಬರುವ ಕಿರಿಯ ಮಗು ಎತ್ತಬೇಕು. ಎತ್ತಿದ್ದು ದೇವರು ಕೊಟ್ಟಿದ್ದು. ಬದಲಿಸುವಂತಿಲ್ಲ. ವರ್ಷವಿಡೀ ಅದು ಕನ್ನಡಿಯ ಪಕ್ಕ ಅಂಟಿರುತ್ತಿತ್ತು. ಜ್ವರ ಬರಲಿ, ನೌಕರಿ ಹೋಗಲಿ, ಮದುವೆ ಕೂಡಲಿ, ಎಲ್ಲದಕ್ಕೂ ಅದನ್ನೇ ಓದಿ ತಾಳೆ ಹಾಕುತ್ತಿದ್ದರು.

ಆ ವರ್ಷ ಪಾಸ್ಟರು ಕಾಲ ಬದಲಾಗುವುದರ ಮೇಲೆ ಪ್ರಸಂಗ ಮಾಡಿದರು. "ಊರು ಬದಲಾಗ್ತದ, ಕೆಲಸ ಬದಲಾಗ್ತದ, ಕರ್ತ ಬದಲಾಗಂಗಿಲ್ಲ" ಅಂದರು. ಅವ್ವ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದಳು. ನಮ್ಮ ಸರದಿ ಬಂತು. ನಾನು ಚೀಟಿ ಎತ್ತಿದೆ. ಪಾಸ್ಟರು ಅಪ್ಪನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅಪ್ಪನ ಕಣ್ಣೂ ಮುಚ್ಚಿತ್ತು, ಇಡೀ ಸಭೆಯ ಕಣ್ಣೂ ಮುಚ್ಚಿತ್ತು. ಮನೆಗೆ ಹೋಗುವ ತನಕ ತಡೆಯಲಾರದೆ ಅವ್ವ ನನ್ನ ಕೈಯೊಳಗಿನ ಚೀಟಿಯನ್ನು ಬಿಚ್ಚಿ ನೋಡಿದಳು.

ಬೆಂಕಿಯೊಳಗೆ ನಡೆಯಬೇಕಾಗಿ ಬಂದರೂ ದೇವರು ಜೊತೆಗಿರುತ್ತಾನೆ, ಸುಡಗೊಡುವುದಿಲ್ಲ ಎಂಬ ಅರ್ಥದ ಮಾತು ಅದು. ಈಗ ಯೋಚಿಸಿದರೆ ಅದಕ್ಕಿಂತ ದೊಡ್ಡ ಮಾತು ಆ ಬುಟ್ಟಿಯಲ್ಲಿ ಇರಲಿಕ್ಕಿಲ್ಲ. ಆದರೆ ಅವ್ವ ಓದಿದ್ದು ಬೆಂಕಿ ಅನ್ನುವುದನ್ನಷ್ಟೇ.

"ವಾಪಸ್ ಹಾಕು. ಬ್ಯಾರೇದು ತಗಿ," ಅಂತ ನನ್ನ ಕಿವಿಯಲ್ಲಿ ಉಸುರಿದಳು.

"ಅವ್ವಾ, ಒಮ್ಮಿ ತಗದದ್ದು..."

"ತಗಿ ಅಂದ್ರ ತಗಿ!"

ನಾನು ತೆಗೆದೆ. ಎರಡನೇ ಚೀಟಿಯಲ್ಲಿ ಹಸಿರು ಹುಲ್ಲು, ತಣ್ಣನೆಯ ನೀರು, ಎಲ್ಲ ಇತ್ತು. ಪಾಸ್ಟರು ಆಮೆನ್ ಅಂದು ಕಣ್ಣು ತೆರೆದರು. ನಮ್ಮ ಹಿಂದೆ ನಿಂತಿದ್ದವಳು ಸುಗುಣಾ. ಬಿಚ್ಚಿದ್ದ ಚೀಟಿ ಮೊದಲಿನಂತೆ ಸುತ್ತಿಕೊಳ್ಳದೆ ಬುಟ್ಟಿಯ ಮೇಲೆಯೇ ಅರೆ ತೆರೆದು ಕೂತಿತ್ತು. ಅವಳು ಅದನ್ನೇ ಎತ್ತಿಕೊಂಡಳು. ನಾನು ನೋಡಿದೆ, ಅವ್ವನೂ ನೋಡಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಇಬ್ಬರೂ ಬಿಡಲಿಲ್ಲ.

ಆಮೇಲಿನ ಮೂರು ತಿಂಗಳು ನಮ್ಮ ಮನೆಯ ಒಳಗೊಂದು ಹೊರಗೊಂದು. ಹೊರಗೆ ಎಲ್ಲ ಚೆನ್ನಾಗಿತ್ತು. ಜನವರಿಯಲ್ಲಿ ಎರಡೂ ಮನೆಯವರು ಸೇರಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದೆವು, ನಾನೂ ಸುಗುಣಾಳೂ ಒಂದೇ ಬಣ್ಣದ ಬಳೆ ಇಟ್ಟುಕೊಂಡೆವು. ಒಳಗೆ ಅವ್ವ ಬದಲಾಗುತ್ತಿದ್ದಳು. ಪುಂಡಿಪಲ್ಲೆ ಮಾಡಿದರೆ ಮೊದಲ ಬಟ್ಟಲು ಸುಗುಣಾಳ ಮನೆಗೆ. ದೇವದಾನಪ್ಪ ಕಾಕಾ ಮನೆಗೆ ಬಂದದ್ದು ಕೇಳಿಸುವ ತನಕ ಅವಳ ಕಿವಿ ಆ ಬಾಗಿಲ ಕಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಭೆಯಲ್ಲಿ ಯಾರಾದರೂ ವಾಗ್ದಾನ ಅಂದರೆ ಸಾಕು, ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಸುಗುಣಾಳ ಮನೆಯ ಕನ್ನಡಿಯ ಕಡೆ ನೋಡುವುದನ್ನೇ ಬಿಟ್ಟೆ. ಅಲ್ಲಿ ನಮ್ಮ ಗುಲಾಬಿ ಚೀಟಿ ಅಂಟಿತ್ತು.

ಬಿಸಿಲು ಏರಿತು. ಶುಭ ಶುಕ್ರವಾರ ಬಂತು. ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಉಪವಾಸದ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಸಭೆಯ ಏಳು ಜನ ಮಾತಾಡಬೇಕು. ಐದನೆಯದು, ದಾಹದ ಮಾತು, ದೇವದಾನಪ್ಪ ಕಾಕಾನ ಪಾಲಿಗೆ ಬಂದಿತ್ತು. ಹೆಬ್ಬೆಟ್ಟಿನ ಮನೆಯಲ್ಲಿ ಹುಟ್ಟಿ ಅಕ್ಷರ ಕಲಿತ ಮನುಷ್ಯ, ಎರಡು ವಾರ ಕೂತು ಎರಡು ಹಾಳೆ ಬರೆದಿದ್ದರು. ಆದರೆ ಅವತ್ತು ಅವರಿಗೆ ಬೆಳಗಿನ ಪಾಳಿ ಬಿತ್ತು. ಅಪ್ಪನಿಗೆ ರಜೆ ಇತ್ತು.

"ಅಣ್ಣಾ, ನನ್ನ ಡ್ಯೂಟಿ ನೀವು ಮಾಡ್ರಿ, ಸೋಮವಾರ ನಿಮ್ಮದು ನಾ ಮಾಡ್ತೀನಿ," ಅಂತ ಕೇಳಿದರು. ಅಪ್ಪ "ಅದಕ್ಕೇನಂತ, ಆಗ್ಲಿ" ಅಂದ.

ಗುರುವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ನನಗೆ ಹೇಳಿದಳು: "ನಾಳೆ ಮುಂಜಾನಿ ಹೊಟ್ಟಿ ಭಾಳ ನೋಯಾಕತ್ತೈತಿ ಅನ್ನು."

"ಯಾಕವ್ವಾ?"

"ಆ ಮನುಷ್ಯಾನ ಜಾಗಾದಾಗ ನಿಮ್ಮಪ್ಪ ಹೋಗಿ ನಿಂದರೂದು ಬ್ಯಾಡ." ಅಷ್ಟು ಹೇಳಿ ಬಡಿಯುವುದನ್ನು ನಿಲ್ಲಿಸಿದಳು. "ಅವರಿಗಿ ಏನೂ ಆಗೂದಿಲ್ಲ ಬಿಡು. ಅವರು ಭಾಳ ಪ್ರಾರ್ಥನಿ ಮಾಡೋ ಮಂದಿ."

ನಾನು ಚೆನ್ನಾಗಿಯೇ ನಟಿಸಿದೆ. ನಸುಕಿನಲ್ಲಿ ಅಪ್ಪ ಬೂಟು ಹಾಕಿಕೊಳ್ಳುತ್ತಿದ್ದಾಗ ಮೊಣಕಾಲು ಮಡಚಿ ಹೊರಳಾಡಿದೆ. ಅಪ್ಪ ಬೂಟು ಬಿಚ್ಚಿಟ್ಟ. ಎರಡು ಬಾಗಿಲು ಆಚೆ ಹೋಗಿ ಹೇಳಿದ್ದೂ, ಕಾಕಾ ಉತ್ತರ ಕೊಟ್ಟದ್ದೂ ನನಗೆ ಮಲಗಿದಲ್ಲಿಗೇ ಕೇಳಿಸಿತು.

"ಮೊದಲ ಕೂಸಿನ್ನ ನೋಡ್ರಿ ಅಣ್ಣಾ. ಡ್ಯೂಟಿ ನಾ ಹೋಗ್ತೀನಿ. ಹಾಳಿ ಇಲ್ಲೇ ಅದಾವ, ನನ್ನ ಮಾತು ನೀವ ಓದ್ರಿ."

ಹನ್ನೊಂದಕ್ಕೆ ನನ್ನ ಹೊಟ್ಟೆ ನೋವು ವಾಸಿಯಾಯಿತು. ಆರಾಧನೆಯ ಹಾಲ್ ಬಾಗಿಲಲ್ಲಿ ಸುಗುಣಾಳ ಅವ್ವ, ಶಾಂತವ್ವ ಕಾಕು, ನನ್ನನ್ನು ತಡೆದು ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅವರ ಕೈ ಬೆಚ್ಚಗಿತ್ತು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ತಗಡಿನ ಕೆಳಗೆ ಸೆಕೆ ಕುದಿಯುತ್ತಿತ್ತು. ಹನಿ ನೀರು ಕುಡಿಯುವಂತಿಲ್ಲ. ಒಂದು, ಎರಡು, ಮೂರು, ನಾಲ್ಕು ಮಾತು ಮುಗಿದವು. ಅಪ್ಪ ಎದ್ದು ನಿಂತು ಕಾಕಾನ ಹಾಳೆ ಬಿಚ್ಚಿ ಓದತೊಡಗಿದ. ಬಾಯಾರಿದವನು ಲೋಕಕ್ಕೆಲ್ಲ ನೀರು ಕೊಟ್ಟವನೇ ಅಲ್ಲವೇ ಅಂತ ಕಾಕಾ ತಮ್ಮ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಆಗ ಕಾರ್ಖಾನೆಯ ಭೋಂಗಾ ಕೂಗಿತು.

ಎಲ್ಲರೂ ಗೋಡೆಯ ಗಡಿಯಾರ ನೋಡಿದರು. ಪಾಳಿ ಬಿಡುವುದು ಎರಡಕ್ಕೆ. ಮುಳ್ಳು ಇನ್ನೂ ಒಂದೂವರೆಯ ಹತ್ತಿರ ಇತ್ತು. ಭೋಂಗಾ ನಿಲ್ಲಲಿಲ್ಲ, ಕೂಗುತ್ತಲೇ ಇತ್ತು. ಅಪ್ಪ ಒಂದು ಸಾಲನ್ನು ಎರಡು ಸಲ ಓದಿ ಹಾಳೆ ಮಡಚಿದ. ನಾನು ಅವ್ವನ ಮುಖ ನೋಡಿದೆ. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಸೈಕಲ್ಲಿನಲ್ಲಿ ಬಂದ ವಾಚ್‌ಮನ್ ಬಾಗಿಲಲ್ಲೇ ತೆಲುಗಿನಲ್ಲಿ ಕೂಗಿದ: "ಮೂಡೋ ಷೆಡ್ಡುಲೋ ಮಂಟಲು!" ಮೂರನೇ ಷೆಡ್ಡಿನಲ್ಲಿ ಬೆಂಕಿ.

ದೇವದಾನಪ್ಪ ಕಾಕಾ ಸಾಯಲಿಲ್ಲ. ಕಾದು ಕೆಂಪಾಗಿದ್ದ ಬಾಗಿಲ ಚಿಲಕವನ್ನು ಬರಿಗೈಯಲ್ಲಿ ಎಳೆದು ಇಬ್ಬರನ್ನು ಹೊರಗೆ ದೂಡಿ ತಾವೂ ಬಂದರು. ಮುಖದ ಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಎರಡೂ ಕೈ ಮಾತ್ರ ಹೋದವು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು, ರೊಟ್ಟಿ ಮುರಿಯಲೂ ಬಾರದ ಹಾಗಾದವು. ಆಸ್ಪತ್ರೆಯಲ್ಲಿದ್ದ ಅಷ್ಟೂ ವಾರ ಆ ಗುಲಾಬಿ ಚೀಟಿ ಅವರ ದಿಂಬಿನ ಕೆಳಗಿತ್ತು. ಒಂದು ಭಾನುವಾರ ಶಾಂತವ್ವ ಕಾಕು ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದರು. "ವರ್ಷದ ಮೊದಲನೇ ದಿನಾನ ಕರ್ತ ನಮಗ ಹೇಳಿ ಇಟ್ಟಿದ್ದ. ಅದಕ್ಕ ನಾ ಅಂಜಲಿಲ್ಲ," ಅಂದರು. ಸಭೆಯೆಲ್ಲ ಅತ್ತಿತು. ಅವ್ವ ಅಳಲಿಲ್ಲ. ಅಪ್ಪ ಮಾತ್ರ ಎಷ್ಟೋ ದಿನ ಬೂಟು ಹಾಕಿಕೊಳ್ಳುವಾಗೆಲ್ಲ "ನಾ ಹೋಗಬೇಕಾಗಿತ್ತು" ಅನ್ನುತ್ತಿದ್ದ. ಅವನಿಗೆ ನಾವಿಬ್ಬರೂ ಕೊನೆಯವರೆಗೆ ಏನನ್ನೂ ಹೇಳಲಿಲ್ಲ.

ಕೈ ಆಡದವರಿಗೆ ಕಾರ್ಖಾನೆಯಲ್ಲಿ ಏನು ಕೆಲಸ? ಜೂನಿನಲ್ಲಿ ಅವರು ಊರಿಗೆ ಹೊರಟರು. ಟೆಂಪೋಗೆ ಸಾಮಾನು ಹೇರಿ ಆದ ಮೇಲೆ ಶಾಂತವ್ವ ಕಾಕು ಬಂದು ಅವ್ವನ ಅಂಗೈಯಲ್ಲಿ ಆ ಚೀಟಿ ಇಟ್ಟರು.

"ನಮ್ಮನ್ನ ಇದು ದಾಟಿಸ್ತು ಅಕ್ಕಾರ. ಈಗ ನೀವು ಇಟ್ಕೋರಿ. ಅಣ್ಣಾರು ಇನ್ನೂ ಅಲ್ಲೇ ಕೆಲಸಾ ಮಾಡಾಕತ್ತಾರ."

ಅವ್ವ ಬಾಯಿ ತೆರೆದಳು. ಈಗ ಹೇಳುತ್ತಾಳೆ ಅಂದುಕೊಂಡೆ, ಹೇಳಲಿ ಅಂತ ಬೇಡಿಕೊಂಡೆ. ಅವಳು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಕಾಕಾ ಬಂದು ಪಟ್ಟಿ ಸುತ್ತಿದ ಕೈಯನ್ನು ನನ್ನ ತಲೆಯ ಮೇಲಿಟ್ಟರು. ಅದು ಮುಲಾಮಿನ ವಾಸನೆ ಹೊಡೆಯುತ್ತಿತ್ತು.

"ಹೊಟ್ಟಿನೋವು ಪೂರ್ತಿ ಹೋತೇನವ್ವಾ ಕರುಣಿ?"

"ಹೂಂ ಕಾಕಾ," ಅಂದೆ. ಸುಗುಣಾ ಟೆಂಪೋದ ಹಿಂದೆ ಕೂತು, ಬಳೆ ತೊಟ್ಟ ಕೈ ಬೀಸುತ್ತ ಹೋದಳು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ಹೊಸ ವರ್ಷದಿಂದ ಅವ್ವ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ನಿಲ್ಲತೊಡಗಿದಳು. ಎಲ್ಲರೂ ಎತ್ತಿಕೊಂಡ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದು ನಮ್ಮದು. ಅದನ್ನು ನನಗೂ ಬಿಚ್ಚಗೊಡುತ್ತಿರಲಿಲ್ಲ. ಕನ್ನಡಿಯ ಪಕ್ಕ ಆಮೇಲೆ ಯಾವ ಚೀಟಿಯೂ ಅಂಟಲಿಲ್ಲ.

ಅಪ್ಪ ಹೋದ, ಅವ್ವನೂ ಹೋದಳು. ಅವಳ ಟ್ರಂಕಿನ ತಳದಲ್ಲಿ ಬಿಸ್ಕೀಟಿನ ಡಬ್ಬಿಯೊಂದು ಸಿಕ್ಕಿತು. ಅದರ ತುಂಬ ಸುತ್ತಿದ ಹಾಗೆಯೇ ಇದ್ದ ಚೀಟಿಗಳು, ಅವುಗಳ ಕೆಳಗೆ ಮಡಿಕೆ ಸವೆದು ಹರಿಯುವಂತಾಗಿದ್ದ ಆ ಒಂದು ಗುಲಾಬಿ ಚೀಟಿ. ಉಳಿದವನ್ನು ಅವಳು ಬಿಚ್ಚದೆ ಇಟ್ಟದ್ದು ನಂಬಿಕೆಯಿಂದಲೋ ಹೆದರಿಕೆಯಿಂದಲೋ ನನಗೆ ತಿಳಿಯದು. ನಾನೂ ಬಿಚ್ಚಿಲ್ಲ. ನನಗೆ ಹೆದರಿಕೆಯೇ.

ಈಗ ನಾನಿರುವುದು ನಗರದ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ. ಇಲ್ಲಿ ಗಾಳಿಗೆ ವಾಸನೆಯಿಲ್ಲ. ತಗಡಿನ ಮಾಡಿನ ಆ ಹಾಲ್ ಯಾರದೋ ಗೋದಾಮು ಆಗಿದೆಯಂತೆ, ರೊಟ್ಟಿ ಬುಟ್ಟಿ ಎಲ್ಲಿ ಹೋಯಿತೋ. ಹೊಸ ವರ್ಷದ ವಾಗ್ದಾನ ಫೋನಿಗೆ ಬರುತ್ತದೆ, ಹೂವಿನ ಚಿತ್ರದ ಮೇಲೆ, ಎಲ್ಲರಿಗೂ ಒಂದೇ. ಅದನ್ನು ಯಾರೂ ವಾಪಸ್ ಹಾಕುವಂತಿಲ್ಲ. ಆದರೆ ನಾನು ಕಳೆದುಕೊಂಡದ್ದು ಆ ಬುಟ್ಟಿಯನ್ನಲ್ಲ. ಆ ಬೇಸಿಗೆಯ ನಂತರ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಅವ್ವ ಏನೂ ಅನ್ನುತ್ತಿರಲಿಲ್ಲ. ಈಗ ನನ್ನ ಒಲೆಯ ಮೇಲೆ ಉಕ್ಕಿದಾಗಲೂ ಸ್ತೋತ್ರ ಅನ್ನುವ ಮಾತು ತುಟಿಯ ತನಕ ಬರುತ್ತದೆ. ಅಲ್ಲಿಗೇ ನಿಲ್ಲುತ್ತದೆ. ಬಟ್ಟೆ ತೆಗೆದುಕೊಂಡು ಒಲೆ ಒರೆಸುತ್ತೇನೆ.