ಗ್ರೀಸಿಗೆ ಹೋದ ಮುಯ್ಯಾಳು

ಮೂರು ವರ್ಷದಿಂದ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೆ. ರೋಣದ ಶಾಲೆಯಲ್ಲಿ ಇತಿಹಾಸ ಹೇಳುವ ಮಾಸ್ತರನಿಗೆ ಪಕ್ಕದ ನರಗುಂದದ ಬಂಡಾಯ ಬಿಟ್ಟು ಗ್ರೀಸಿನ ಸ್ವಾತಂತ್ರ್ಯ ಯುದ್ಧ ಯಾಕೆ ಬೇಕಿತ್ತೆಂದು ಗೆಳೆಯರು ಕಾಲೆಳೆಯುತ್ತಿದ್ದರು. ಆ ಯುದ್ಧಕ್ಕೆ ಹೊರದೇಶಗಳಿಂದ ತಾವಾಗಿಯೇ ಬಂದು ಸೇರಿದವರಿದ್ದರು. ಅಂಥವನೊಬ್ಬ, ಜರ್ಮನಿಯ ರೈತನ ಮಗ, ನನ್ನ ಕಥಾನಾಯಕ. ಎರಡು ವರ್ಷ ಕಾದಾಡಿ ಅಲ್ಲೇ ಸಾಯುತ್ತಾನೆ. ಸುದ್ದಿ ಊರಲ್ಲಿದ್ದ ತಾಯಿಗೆ ಮುಟ್ಟುತ್ತದೆ. ಅಲ್ಲಿಗೆ ಬಂದು ಕಥೆ ಕೈಕೊಡುತ್ತಿತ್ತು. ಆರು ಸಲ ಬರೆದರೂ ಕೊನೆ ಸಪ್ಪೆ. ಈ ಸಲವೂ ಕೂಡಿ ಬರದಿದ್ದರೆ ಬಿಟ್ಟೇಬಿಡುವುದೆಂದು ಮನಸ್ಸು ಮಾಡಿದ್ದೆ.

ಕಡಲೆ ಕೀಳುವ ದಿನಗಳು. ಭಾನುವಾರ ಮುಶಿಗೇರಿಯ ಅಕ್ಕನ ಹೊಲಕ್ಕೆ ಹೋದೆ. ಇಬ್ಬನಿ ಆರಿದರೆ ಕಾಯಿ ಉದುರುತ್ತವೆಂದು ಹೆಂಗಸರು ನಸುಕಿನಲ್ಲೇ ಸಾಲು ಹಿಡಿದಿದ್ದರು. ಎಲ್ಲರೂ ಮುಯ್ಯಾಳುಗಳು. ಇವತ್ತು ಅವರು ಅಕ್ಕನ ಹೊಲಕ್ಕೆ, ನಾಳೆ ಅಕ್ಕ ಅವರ ಹೊಲಕ್ಕೆ. ಕೂಲಿಯ ಮಾತೇ ಇಲ್ಲ. ನಾನು ನಾಲ್ಕು ಗಿಡ ಕಿತ್ತು, ಅಂಗೈ ಉರಿಯಿತೆಂದು ಬದುವಿನ ಮೇಲೆ ಕುಳಿತೆ.

"ಕುಂತಾವ ಕತಿನರ ಹೇಳು," ಎಂದಳು ಅಕ್ಕ. ನನ್ನ ಕಾದಂಬರಿಯ ಕತೆಯನ್ನೇ ಹೇಳಿದೆ.

ಪಕ್ಕದ ಹೊಲದ ಚಾಚಿ ತಲೆಯೆತ್ತಿದರು. "ಅಂದ್ರ ಮುಯ್ಯಾಳ ಹೋಗಿದ್ದ ಅನ್ರಿ, ಮಾಸ್ತರ. ಆ ಹುಡುಗನ ಹೊಲಕ್ಕ ತಿರುಗಿ ಯಾರ ಬಂದ್ರು?"

"ಯಾರೂ ಬರ್ಲಿಲ್ರಿ. ಅದು ಯುದ್ಧ," ಎಂದೆ, ತುಸು ಸಿಡುಕಿನಿಂದಲೇ.

ಕೀಳುವ ಕೈಗಳೆಲ್ಲ ನಿಂತವು. ಅಕ್ಕನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಯಾರೂ ಬರ್ಲಿಲ್ಲಾ? ಆ ಮುದುಕಿ ಒಬ್ಬಾಕಿನ ಸುಗ್ಗಿ ಮಾಡ್ಬೇಕೇನ? ಎಂಥಾ ಮಂದಿನೋ ತಮ್ಮಾ ಅವ್ರು!"

ಆಗ ನಕ್ಕುಬಿಟ್ಟೆ. ಆದರೆ ರೋಣದ ಬಸ್ಸಿನಲ್ಲಿ ಕುಳಿತಾಗ ನಾಚಿಕೆಯಾಯಿತು. ಆ ಹುಡುಗ ಯಾಕೆ ಹೋದನೆಂದು ಮೂರು ವರ್ಷ ತಲೆ ಕೆಡಿಸಿಕೊಂಡಿದ್ದೆ. ಅವನ ಹೊಲದ ಗತಿಯೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮನೆಗೆ ಬಂದವನೇ ಬರೆಯಲು ಕುಳಿತೆ. ಅವನ ಜೊತೆ ಕಾದಾಡಿದ್ದ ಗ್ರೀಕನೊಬ್ಬ ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಾನೆ. ಆ ಊರಿನ ಮಾತು ಅವನಿಗೆ ಬಾರದು. ತಾಯಿ ಕುಡುಗೋಲು ಕೈಗಿಡುತ್ತಾಳೆ. ಒಂದು ದಿನ ಗೋದಿ ಕೊಯ್ದುಕೊಟ್ಟು ಹೊರಡುತ್ತಾನೆ. ಬರೆದು ಮುಗಿಸಿದಾಗ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು.

ಮುಂದಿನ ಭಾನುವಾರ ಚಾಚಿಯ ಹೊಲದಲ್ಲಿ ಅಕ್ಕನ ಪಾಳಿ. ಅಲ್ಲೇ ಹೋಗಿ ಜಂಬದಿಂದ ಓದಿದೆ.

"ಒಂದ ದಿನಾ?" ಎಂದರು ಚಾಚಿ. "ಆ ಹುಡುಗ ಅವ್ರ ಕಡೆ ಎಷ್ಟ ದಿನ ದುಡದಿದ್ದ?"

"ಎರಡು ವರ್ಷ."

"ಮತ್ತ? ಇವನ್ನೂ ಎರಡ ವರ್ಷ ಇರಸ್ರಿ."

ಎಲ್ಲರೂ ಹೌದು ಹೌದು ಎಂದರು. ಮನೆಗೆ ಬಂದು ಕೊನೆಯನ್ನು ಮತ್ತೆ ಬರೆಯಲು ಕುಳಿತೆ. ಈಗ ಆ ತಾಯಿಯ ಹೊಲದಲ್ಲಿ ಗ್ರೀಕನ ಎರಡನೆಯ ಸುಗ್ಗಿ ನಡೆದಿದೆ. ಅವನ ಮಾತು ಅವಳಿಗೆ ಈಗೀಗ ತಿಳಿಯುತ್ತದೆ.